ಹಮ್ಮಿಂಗ್‌ಬರ್ಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಹಿತ್ತಲಿನಲ್ಲಿ ಕಂಡ ಹಕ್ಕಿಯ ಬಗ್ಗೆ ಕೇಳುವ ಪ್ರಶ್ನೆಗಳೂ ಊರಿನಲ್ಲಿರುವವರು ವೀಡಿಯೊ ನೋಡಿ ಕೇಳುವ ಪ್ರಶ್ನೆಗಳೂ ಇಲ್ಲಿ ಒಟ್ಟಿಗೆ ಇವೆ. ಇವುಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಹುಡುಕುತ್ತ ಹೋದರೆ ಒಂದೇ ಕಡೆಗೆ ಬಂದು ನಿಲ್ಲುತ್ತೇವೆ: ಈ ಹಕ್ಕಿ ಅತಿ ಚಿಕ್ಕದು, ಅತಿ ವೇಗವಾಗಿ ಶಕ್ತಿಯನ್ನು ಖರ್ಚು ಮಾಡುತ್ತದೆ, ಮತ್ತು ಆ ಶಕ್ತಿಯ ಬಹುಪಾಲು ಹೂವಿನ ಸಕ್ಕರೆಯಿಂದ ಬರುತ್ತದೆ.

ಕರ್ನಾಟಕದಲ್ಲಿ ಹಮ್ಮಿಂಗ್‌ಬರ್ಡ್ ಇದೆಯೇ? ನಮ್ಮ ಮನೆಯ ದಾಸವಾಳಕ್ಕೆ ಬರುವ ಪುಟ್ಟ ಹಕ್ಕಿ ಅದೇ ಅಲ್ಲವೇ?

ಇಲ್ಲ. ಇಂದು ಬದುಕಿರುವ ಎಲ್ಲ ಹಮ್ಮಿಂಗ್‌ಬರ್ಡ್‌ಗಳೂ ಉತ್ತರ ಮತ್ತು ದಕ್ಷಿಣ ಅಮೆರಿಕ ಖಂಡಗಳಿಗೆ ಹಾಗೂ ಅವುಗಳ ಸುತ್ತಲಿನ ದ್ವೀಪಗಳಿಗೆ ಸೀಮಿತವಾಗಿವೆ. ನಮ್ಮಲ್ಲಿ ದಾಸವಾಳ, ರತ್ನಗಂಧಿ, ಬಾಳೆಯ ಹೂವುಗಳಿಗೆ ಬರುವ, ಬಾಗಿದ ಕೊಕ್ಕಿನ ಹೊಳೆಯುವ ಹಕ್ಕಿ ಸೂರಕ್ಕಿ. ಸೂರಕ್ಕಿ ಕ್ಷಣಕಾಲ ರೆಕ್ಕೆ ಬಡಿಯುತ್ತ ಹೂವಿನ ಮುಂದೆ ನಿಲ್ಲಬಲ್ಲದಾದರೂ ಸಾಮಾನ್ಯವಾಗಿ ಕೊಂಬೆಯ ಮೇಲೋ ಹೂವಿನ ತೊಟ್ಟಿನ ಮೇಲೋ ಕುಳಿತೇ ಮಕರಂದ ಹೀರುತ್ತದೆ. ವಂಶದ ದೃಷ್ಟಿಯಿಂದ ನೋಡಿದರೆ ಸೂರಕ್ಕಿಯು ಗುಬ್ಬಿ ಮತ್ತು ಕಾಗೆಗಳ ದೊಡ್ಡ ಗುಂಪಿಗೆ ಸೇರಿದೆ; ಹಮ್ಮಿಂಗ್‌ಬರ್ಡ್‌ಗೂ ಅದಕ್ಕೂ ಇರುವ ಹೋಲಿಕೆಯೆಲ್ಲ ಒಂದೇ ಬಗೆಯ ಆಹಾರವನ್ನು ನೆಚ್ಚಿಕೊಂಡದ್ದರಿಂದ ಎರಡು ಭೂಭಾಗಗಳಲ್ಲಿ ಬೇರೆಬೇರೆಯಾಗಿ ರೂಪುಗೊಂಡದ್ದು.

ಸಂಜೆ ಹೊತ್ತಿನಲ್ಲಿ ಹೂವಿನ ಮುಂದೆ ಗಾಳಿಯಲ್ಲೇ ನಿಂತು ಉದ್ದನೆಯ ಕೊಳವೆಯನ್ನು ಚಾಚುವ ಜೀವಿಯೊಂದನ್ನು ಕಂಡು ಹಮ್ಮಿಂಗ್‌ಬರ್ಡ್ ಎಂದು ನಂಬುವವರೂ ಇದ್ದಾರೆ. ಅದು ಹಾಕ್‌ಮಾತ್ ಎಂಬ ಪತಂಗ. ಅದಕ್ಕೆ ಮೀಸೆಯಂತಹ ಎರಡು ಸ್ಪರ್ಶಾಂಗಗಳಿರುವುದನ್ನು ಗಮನಿಸಿದರೆ ಸಂಶಯ ಪರಿಹಾರವಾಗುತ್ತದೆ.

ಹಾಗಾದರೆ ಇದರ ನಿಜವಾದ ಬಂಧುಗಳು ಯಾರು?

ಸ್ವಿಫ್ಟ್ ಹಕ್ಕಿಗಳು. ಹಳೆಯ ಕಟ್ಟಡಗಳ ಮತ್ತು ಸೇತುವೆಗಳ ಸಂದಿಯಲ್ಲಿ ಗೂಡು ಕಟ್ಟಿ, ಸಂಜೆ ಕಿರುಚುತ್ತ ಗುಂಪಾಗಿ ಆಕಾಶದಲ್ಲಿ ಸುತ್ತುವ ಕಪ್ಪು ಹಕ್ಕಿಗಳನ್ನು ಕರ್ನಾಟಕದ ಊರುಗಳಲ್ಲೂ ಕಾಣಬಹುದು. ಹೂವಿನತ್ತ ಸುಳಿಯದ ಆ ಹಕ್ಕಿಗಳೇ ಹಮ್ಮಿಂಗ್‌ಬರ್ಡ್‌ನ ಹತ್ತಿರದ ಸಂಬಂಧಿಕರು. ಎರಡಕ್ಕೂ ತೋಳಿನ ಮೂಳೆ ಬಹಳ ಗಿಡ್ಡ, ಕಾಲು ದುರ್ಬಲ. ಇನ್ನೂ ಕುತೂಹಲದ ಸಂಗತಿಯೆಂದರೆ, ಜರ್ಮನಿಯಲ್ಲಿ ದೊರೆತ ಸುಮಾರು 3 ಕೋಟಿ ವರ್ಷ ಹಳೆಯ ಪಳೆಯುಳಿಕೆಯೊಂದನ್ನು 2004ರಲ್ಲಿ ಗೆರಾಲ್ಡ್ ಮಯ್ರ್ ಎಂಬ ವಿಜ್ಞಾನಿ ವಿವರಿಸಿದಾಗ, ಇಂದಿನ ಹಮ್ಮಿಂಗ್‌ಬರ್ಡ್‌ಗಳನ್ನು ಬಹುವಾಗಿ ಹೋಲುವ ಹಕ್ಕಿಗಳು ಒಂದು ಕಾಲದಲ್ಲಿ ಯುರೋಪಿನಲ್ಲೂ ಇದ್ದವೆಂಬುದು ತಿಳಿದುಬಂತು. ಅದಕ್ಕೆ ಇಟ್ಟ ವೈಜ್ಞಾನಿಕ ಹೆಸರು ಯೂರೋಟ್ರೋಕಿಲಸ್.

ಎಷ್ಟು ಬಗೆಗಳಿವೆ? ಎಲ್ಲವೂ ಅಷ್ಟೊಂದು ಚಿಕ್ಕವೇ?

350ಕ್ಕೂ ಹೆಚ್ಚು ಪ್ರಭೇದಗಳಿವೆ. ಉತ್ತರದಲ್ಲಿ ಅಲಾಸ್ಕದಿಂದ ದಕ್ಷಿಣದ ತುದಿಯ ತಿಯೆರ್ರಾ ದೆಲ್ ಫ್ಯೂಗೊವರೆಗೆ ಇವು ಹರಡಿಕೊಂಡಿದ್ದರೂ ಅತಿ ಹೆಚ್ಚಿನ ವೈವಿಧ್ಯ ಇರುವುದು ಕೊಲಂಬಿಯ ಮತ್ತು ಈಕ್ವೆಡಾರ್ ದೇಶಗಳ ಆಂಡೀಸ್ ಪರ್ವತಗಳಲ್ಲಿ. ಕ್ಯೂಬಾದ ಬೀ ಹಮ್ಮಿಂಗ್‌ಬರ್ಡ್ ಜಗತ್ತಿನ ಅತಿ ಚಿಕ್ಕ ಹಕ್ಕಿ. ಕೊಕ್ಕು ಬಾಲ ಸೇರಿ 5ರಿಂದ 6 ಸೆಂಟಿಮೀಟರ್ ಉದ್ದ, ತೂಕ ಸುಮಾರು 2 ಗ್ರಾಂ, ಅಂದರೆ ನಮ್ಮ ಒಂದು ರೂಪಾಯಿ ನಾಣ್ಯಕ್ಕಿಂತ ಹಗುರ. ಇದಕ್ಕೆ ವಿರುದ್ಧವಾಗಿ ಆಂಡೀಸ್‌ನ ಜೈಂಟ್ ಹಮ್ಮಿಂಗ್‌ಬರ್ಡ್ 20 ಗ್ರಾಂ ದಾಟುತ್ತದೆ. ಒಂದೇ ಪ್ರಭೇದವೆಂದು ಬಹುಕಾಲ ತಿಳಿಯಲಾಗಿದ್ದ ಇದರಲ್ಲಿ ಎರಡು ಪ್ರಭೇದಗಳಿವೆ ಎಂದು ವಿಜ್ಞಾನಿಗಳು 2024ರಲ್ಲಿ ಪ್ರಕಟಿಸಿದರು.

ಗಾಳಿಯಲ್ಲಿ ನಿಂತಲ್ಲೇ ನಿಲ್ಲುವುದು ಹೇಗೆ ಸಾಧ್ಯ?

ಬಹುತೇಕ ಹಕ್ಕಿಗಳು ರೆಕ್ಕೆಯನ್ನು ಕೆಳಕ್ಕೆ ಬಡಿದಾಗ ಮಾತ್ರ ಮೇಲೆತ್ತುವ ಬಲವನ್ನು ಪಡೆಯುತ್ತವೆ. ರೆಕ್ಕೆಯನ್ನು ಮತ್ತೆ ಮೇಲಕ್ಕೆ ತರುವಾಗ ಅದನ್ನು ಮಡಚಿಕೊಳ್ಳುತ್ತವೆ. ಹಮ್ಮಿಂಗ್‌ಬರ್ಡ್ ರೆಕ್ಕೆಯನ್ನು ಮಡಚುವುದಿಲ್ಲ. ಅದರ ತೋಳು ಮತ್ತು ಮೊಣಕೈಯ ಮೂಳೆಗಳು ಅತಿ ಗಿಡ್ಡವಾಗಿದ್ದು, ರೆಕ್ಕೆಯ ಬಹುಭಾಗ ‘ಅಂಗೈ’ಯೇ ಆಗಿರುವುದರಿಂದ ಇಡೀ ರೆಕ್ಕೆಯನ್ನು ಭುಜದಿಂದಲೇ ತಿರುಗಿಸಲು ಅದಕ್ಕೆ ಸಾಧ್ಯವಾಗುತ್ತದೆ. ದೇಹವನ್ನು ಸ್ವಲ್ಪ ನೆಟ್ಟಗೆ ನಿಲ್ಲಿಸಿಕೊಂಡು ರೆಕ್ಕೆಯನ್ನು ಮುಂದಕ್ಕೂ ಹಿಂದಕ್ಕೂ ಬೀಸುವಾಗ ರೆಕ್ಕೆಯ ತುದಿ ಮಲಗಿಸಿದ 8ರ ಅಂಕೆಯ ಆಕಾರವನ್ನು ಬರೆಯುತ್ತದೆ, ಮತ್ತು ಎರಡೂ ಬೀಸುಗಳಲ್ಲಿ ಬಲ ಹುಟ್ಟುತ್ತದೆ. ಗಾಳಿಯ ಚಲನೆಯನ್ನು ಅಳೆದು 2005ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಮುಂದಿನ ಬೀಸು ಸುಮಾರು 75 ಪ್ರತಿಶತ ಭಾರವನ್ನೂ ಹಿಂದಿನ ಬೀಸು ಉಳಿದ 25 ಪ್ರತಿಶತವನ್ನೂ ಹೊರುತ್ತದೆ. ಕೀಟಗಳಲ್ಲಿ ಈ ಪಾಲು ಸರಿಸುಮಾರು ಸಮನಾಗಿರುತ್ತದೆ. ಆದ್ದರಿಂದ ‘ಹಮ್ಮಿಂಗ್‌ಬರ್ಡ್ ಕೀಟದಂತೆಯೇ ಹಾರುತ್ತದೆ’ ಎಂಬ ಮಾತನ್ನು ಅರ್ಧ ಸತ್ಯವೆಂದು ತಿಳಿಯಬೇಕು.

ರೆಕ್ಕೆಬಡಿತದ ವೇಗ ಗಾತ್ರವನ್ನು ಅವಲಂಬಿಸಿದೆ. ಜೈಂಟ್ ಹಮ್ಮಿಂಗ್‌ಬರ್ಡ್ ಸೆಕೆಂಡಿಗೆ ಸುಮಾರು 15 ಬಾರಿ ಬಡಿದರೆ ಅತಿ ಚಿಕ್ಕವು 80ರ ಆಸುಪಾಸಿನಲ್ಲಿ ಬಡಿಯುತ್ತವೆ. ಹಾರಾಟದ ಸ್ನಾಯುಗಳೇ ದೇಹದ ತೂಕದ ಕಾಲು ಭಾಗಕ್ಕಿಂತ ಹೆಚ್ಚಿರುತ್ತವೆ. ಹಿಂದಕ್ಕೆ ಹಾರಲೂ ಬರುತ್ತದೆ. ನಡೆಯಲು ಮಾತ್ರ ಬರುವುದಿಲ್ಲ. ಕೊಂಬೆಯ ಮೇಲೆ ಒಂದೆರಡು ಅಂಗುಲ ಸರಿಯಬೇಕಾದರೂ ಅನೇಕ ವೇಳೆ ಹಾರಿಯೇ ಸರಿಯುತ್ತದೆ.

ಇಷ್ಟು ಹಾರಾಡಲು ಶಕ್ತಿ ಎಲ್ಲಿಂದ ಬರುತ್ತದೆ?

ದೇಹದ ಪ್ರತಿ ಗ್ರಾಂ ತೂಕಕ್ಕೆ ಲೆಕ್ಕ ಹಾಕಿದರೆ, ಗಾಳಿಯಲ್ಲಿ ನಿಂತಿರುವ ಹಮ್ಮಿಂಗ್‌ಬರ್ಡ್‌ನಷ್ಟು ಆಮ್ಲಜನಕವನ್ನು ಬಳಸುವ ಕಶೇರುಕ ಮತ್ತೊಂದಿಲ್ಲ. ಹಾರಾಟದ ಸಮಯದಲ್ಲಿ ಹೃದಯ ನಿಮಿಷಕ್ಕೆ 1,200ಕ್ಕೂ ಮೇಲೆ ಬಡಿದದ್ದು ದಾಖಲಾಗಿದೆ. ಮನುಷ್ಯನು ಸಕ್ಕರೆ ತಿಂದು ವ್ಯಾಯಾಮ ಮಾಡಿದರೆ ಆ ಹೊಸ ಸಕ್ಕರೆ ಅವನ ಶಕ್ತಿಯ ಅಗತ್ಯದ ಒಂದು ಭಾಗವನ್ನಷ್ಟೇ ಪೂರೈಸುತ್ತದೆ, ಉಳಿದದ್ದು ಹಳೆಯ ದಾಸ್ತಾನಿನಿಂದ ಬರುತ್ತದೆ. ಹಮ್ಮಿಂಗ್‌ಬರ್ಡ್ ಆದರೋ ಮಕರಂದ ಕುಡಿಯಲಾರಂಭಿಸಿದ ಅರ್ಧ ಮುಕ್ಕಾಲು ಗಂಟೆಯೊಳಗೆ, ತನ್ನ ಹಾರಾಟಕ್ಕೆ ಬೇಕಾದ ಹೆಚ್ಚುಕಡಿಮೆ ಎಲ್ಲ ಶಕ್ತಿಯನ್ನೂ ಆಗತಾನೇ ಕುಡಿದ ಸಕ್ಕರೆಯಿಂದಲೇ ಪಡೆಯುವ ಸ್ಥಿತಿಯನ್ನು ತಲುಪುತ್ತದೆ. ಕೂಡಿಡದೆ ನೇರವಾಗಿ ಉರಿಸುವ ಈ ವ್ಯವಸ್ಥೆ ಬಹಳ ಮಿತವ್ಯಯದ್ದು, ಅಷ್ಟೇ ಅಪಾಯದ್ದು. ಕೆಲವು ಗಂಟೆ ಆಹಾರ ಸಿಗದಿದ್ದರೆ ಪ್ರಾಣಕ್ಕೇ ಕುತ್ತು.

ಮಕರಂದದ ಬಹುಪಾಲು ನೀರು. ದಿನವೊಂದಕ್ಕೆ ತನ್ನ ತೂಕಕ್ಕಿಂತ ಹೆಚ್ಚು ದ್ರವವನ್ನು ಕುಡಿಯುವ ಈ ಹಕ್ಕಿಯ ಮೂತ್ರಪಿಂಡಗಳು ಹಗಲೆಲ್ಲ ನೀರನ್ನು ಹೊರಹಾಕುತ್ತಲೇ ಇರಬೇಕಾಗುತ್ತದೆ. ಇಷ್ಟೆಲ್ಲ ಅವಸರದ ಬದುಕೆಂದು ಕೇಳಿದವರಿಗೆ ಆಶ್ಚರ್ಯವಾಗಬಹುದಾದ ಮಾತೊಂದಿದೆ: ಹಗಲಿನ ಹೆಚ್ಚಿನ ಸಮಯವನ್ನು ಇದು ಕೊಂಬೆಯ ಮೇಲೆ ಸುಮ್ಮನೆ ಕುಳಿತೇ ಕಳೆಯುತ್ತದೆ.

ಹಾಗಿದ್ದರೆ ರಾತ್ರಿ ಊಟವಿಲ್ಲದೆ ಹೇಗೆ ಬದುಕುತ್ತದೆ?

ತನ್ನ ದೇಹವನ್ನು ಬಹುಮಟ್ಟಿಗೆ ಸ್ಥಗಿತಗೊಳಿಸಿ. ಟಾರ್ಪರ್ ಎಂದು ಕರೆಯುವ ಈ ಸ್ಥಿತಿಯಲ್ಲಿ, ಹಗಲು 40 ಡಿಗ್ರಿ ಸೆಲ್ಸಿಯಸ್‌ನಷ್ಟಿರುವ ದೇಹದ ಉಷ್ಣತೆ ಸುತ್ತಲಿನ ಗಾಳಿಯ ಉಷ್ಣತೆಯ ಸಮೀಪಕ್ಕೆ ಇಳಿಯುತ್ತದೆ, ಹೃದಯಬಡಿತ ನಿಮಿಷಕ್ಕೆ ನೂರರ ಆಸುಪಾಸಿಗೋ ಇನ್ನೂ ಕೆಳಕ್ಕೋ ಬರುತ್ತದೆ, ಉಸಿರಾಟ ನಡುನಡುವೆ ನಿಂತಂತೆ ಕಾಣುತ್ತದೆ. ಪೆರು ದೇಶದ ಎತ್ತರದ ಆಂಡೀಸ್‌ನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಬ್ಲ್ಯಾಕ್ ಮೆಟಲ್‌ಟೇಲ್ ಎಂಬ ಹಮ್ಮಿಂಗ್‌ಬರ್ಡ್‌ನ ಉಷ್ಣತೆ ರಾತ್ರಿಯಲ್ಲಿ 3.3 ಡಿಗ್ರಿಗೆ ಇಳಿದದ್ದನ್ನು ದಾಖಲಿಸಿತು. ಬೆಳಗಾಗುವ ಮುನ್ನ ಹಕ್ಕಿ ಸ್ನಾಯುಗಳನ್ನು ನಡುಗಿಸುತ್ತ ಮೈಯನ್ನು ಮತ್ತೆ ಬಿಸಿ ಮಾಡಿಕೊಳ್ಳುತ್ತದೆ.

ಈ ಉಳಿತಾಯಕ್ಕೂ ಬೆಲೆಯಿದೆ. ಟಾರ್ಪರ್‌ನಲ್ಲಿರುವ ಹಕ್ಕಿಗೆ ಶತ್ರು ಬಂದರೆ ತಕ್ಷಣ ಹಾರಲಾಗದು, ಮತ್ತೆ ಬಿಸಿಯಾಗಲು ಕೂಡಿಟ್ಟ ಕೊಬ್ಬು ಖರ್ಚಾಗುತ್ತದೆ. ಆದ್ದರಿಂದ ಹೊಟ್ಟೆ ತುಂಬಿದ, ಬೆಚ್ಚಗಿನ ರಾತ್ರಿಗಳಲ್ಲಿ ಎಷ್ಟೋ ಹಕ್ಕಿಗಳು ಸಾಧಾರಣ ನಿದ್ರೆಯನ್ನೇ ಮಾಡುತ್ತವೆ.

ಸಕ್ಕರೆ ನೀರು ತುಂಬಿ ಹಿತ್ತಲಿನಲ್ಲಿ ತೂಗುಹಾಕಿದ ಫೀಡರ್‌ನಲ್ಲಿ ಒಂದು ಹಕ್ಕಿ ತಲೆಕೆಳಗಾಗಿ ಜೋತುಬಿದ್ದಿದೆ. ಸತ್ತಿದೆಯೇ?

ಚಳಿಯ ಮುಂಜಾನೆಯಾಗಿದ್ದರೆ ಅದು ಟಾರ್ಪರ್‌ನಲ್ಲಿರುವ ಸಾಧ್ಯತೆಯೇ ಹೆಚ್ಚು. ಮುಟ್ಟಬೇಡಿ, ಅಲುಗಾಡಿಸಬೇಡಿ, ಬಾಯಿಗೆ ಸಕ್ಕರೆ ನೀರು ಹಾಕಬೇಡಿ. ಬಿಸಿಲೇರಿದ ಬಹಳ ಹೊತ್ತಿನ ನಂತರವೂ ಅಲುಗಾಟವಿಲ್ಲದಿದ್ದರೆ ಅಥವಾ ನೆಲಕ್ಕೆ ಬಿದ್ದಿದ್ದರೆ ಸಮೀಪದ ವನ್ಯಜೀವಿ ಪುನರ್ವಸತಿ ಕೇಂದ್ರಕ್ಕೆ ಕರೆ ಮಾಡಿ.

ಕೊಕ್ಕು ಸ್ಟ್ರಾ ಇದ್ದಂತೆಯೇ? ಅದರಿಂದ ಹೀರುತ್ತದೆಯೇ?

ಕೊಕ್ಕಿನಿಂದ ಹೀರುವುದಿಲ್ಲ, ನಾಲಿಗೆಯಿಂದ ನೆಕ್ಕುತ್ತದೆ. ನಾಲಿಗೆಯ ತುದಿ ಎರಡಾಗಿ ಸೀಳಿದ್ದು, ಎರಡು ಸೀಳುಗಳಲ್ಲೂ ತೆರೆದ ಕಾಲುವೆಯಂತಹ ಒಂದೊಂದು ತೋಡು ಇದೆ. ಕಿರಿದಾದ ಕೊಳವೆಯಲ್ಲಿ ದ್ರವ ತಾನೇ ಮೇಲೇರುವ ತತ್ತ್ವದಿಂದ ಮಕರಂದ ಈ ತೋಡುಗಳೊಳಗೆ ಬರುತ್ತದೆ ಎಂಬ ಊಹೆ 19ನೇ ಶತಮಾನದಿಂದಲೂ ಪುಸ್ತಕದಿಂದ ಪುಸ್ತಕಕ್ಕೆ ಸಾಗಿಬಂದಿತ್ತು. ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ ಅಲೆಹಾಂದ್ರೊ ರಿಕೊ-ಗೆವಾರಾ ಮತ್ತು ಮಾರ್ಗರೆಟ್ ರುಬೇಗ ಅವರು ಪಾರದರ್ಶಕ ಹೂವುಗಳನ್ನು ಇಟ್ಟು, ಅತಿ ವೇಗದ ಕ್ಯಾಮೆರಾದಿಂದ ಚಿತ್ರೀಕರಿಸಿ, 2011 ಮತ್ತು 2015ರ ಪ್ರಬಂಧಗಳಲ್ಲಿ ಬೇರೆಯದೇ ವಿವರಣೆಯನ್ನು ಮುಂದಿಟ್ಟರು. ನಾಲಿಗೆ ಹೊರಬರುವಾಗ ಕೊಕ್ಕಿನ ತುದಿ ಅದನ್ನು ಅದುಮಿ ಚಪ್ಪಟೆ ಮಾಡುತ್ತದೆ. ಮಕರಂದವನ್ನು ಮುಟ್ಟಿದೊಡನೆ ತೋಡುಗಳು ಮೊದಲಿನ ಆಕಾರಕ್ಕೆ ಉಬ್ಬುತ್ತವೆ, ಆ ಉಬ್ಬುವಿಕೆಯೇ ದ್ರವವನ್ನು ಒಳಗೆಳೆಯುತ್ತದೆ. ಅಂದರೆ ನಾಲಿಗೆ ಒಂದು ಪುಟ್ಟ ಪಂಪು. ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಬಾರಿ ಇದು ನಡೆಯುತ್ತದೆ. ವಿಶ್ರಾಂತಿಯಲ್ಲಿರುವಾಗ ನಾಲಿಗೆಯ ಆಧಾರದ ಮೂಳೆಗಳು ತಲೆಬುರುಡೆಯ ಹಿಂಭಾಗವನ್ನು ಸುತ್ತಿಕೊಂಡು ಹಣೆಯ ಕಡೆಗೆ ಬಂದಿರುತ್ತವೆ.

ಕೊಕ್ಕಿನ ಆಕಾರಕ್ಕೂ ಹೂವಿನ ಆಕಾರಕ್ಕೂ ನಂಟಿದೆ. ಆಂಡೀಸ್‌ನ ಸ್ವೋರ್ಡ್-ಬಿಲ್ಡ್ ಹಮ್ಮಿಂಗ್‌ಬರ್ಡ್‌ನ ಕೊಕ್ಕು, ಬಾಲವನ್ನು ಬಿಟ್ಟರೆ, ಅದರ ದೇಹಕ್ಕಿಂತ ಉದ್ದ. ಅಷ್ಟೇ ಆಳದ ಪ್ಯಾಶನ್ ಹೂವುಗಳು ಪರಾಗಸ್ಪರ್ಶಕ್ಕೆ ಅದನ್ನೇ ನೆಚ್ಚಿಕೊಂಡಿವೆ. ಇಷ್ಟುದ್ದದ ಕೊಕ್ಕಿನಿಂದ ಗರಿ ತೀಡಿಕೊಳ್ಳಲಾಗದೆ ಆ ಹಕ್ಕಿ ಕಾಲಿನಿಂದಲೇ ಮೈ ಕೆರೆದುಕೊಳ್ಳುತ್ತದೆ.

ಸಿಹಿಯ ರುಚಿ ಅದಕ್ಕೆ ತಿಳಿಯುತ್ತದೆಯೇ? ಸಿಹಿ ಬಿಟ್ಟರೆ ಬೇರೇನೂ ತಿನ್ನುವುದಿಲ್ಲವೇ?

ತಿಳಿಯುತ್ತದೆ, ಆದರೆ ನಮ್ಮ ದಾರಿಯಿಂದಲ್ಲ. ಸಸ್ತನಿಗಳಲ್ಲಿ ಸಿಹಿಯನ್ನು ಗ್ರಹಿಸುವ ಜೀನೊಂದು ಪಕ್ಷಿಗಳ ಪೂರ್ವಜರಲ್ಲೇ ಕಳೆದುಹೋಗಿತ್ತು. ಹಮ್ಮಿಂಗ್‌ಬರ್ಡ್‌ಗಳ ವಂಶದಲ್ಲಿ ಮಾಂಸದ ರುಚಿಯನ್ನು ಗ್ರಹಿಸುವ ಗ್ರಾಹಕವೇ ಮಾರ್ಪಟ್ಟು ಸಕ್ಕರೆಗೆ ಸ್ಪಂದಿಸತೊಡಗಿತೆಂದು 2014ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.

ಮಕರಂದದಲ್ಲಿ ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕಾಗಿ ನುಸಿ, ಸಣ್ಣ ನೊಣ, ಜೇಡಗಳನ್ನು ಎಲ್ಲ ಹಮ್ಮಿಂಗ್‌ಬರ್ಡ್‌ಗಳೂ ಹಿಡಿಯುತ್ತವೆ. ಮರಿಗಳಿರುವ ತಾಯಿಯಂತೂ ದಿನವಿಡೀ ಬೇಟೆಯಲ್ಲೇ ಇರುತ್ತದೆ. ಹಿತ್ತಲಿಗೆ ಕೀಟನಾಶಕ ಸಿಂಪಡಿಸಿ, ಪಕ್ಕದಲ್ಲೇ ಫೀಡರ್ ತೂಗುಹಾಕುವುದು ಅರ್ಥವಿಲ್ಲದ ಕೆಲಸ.

ಕೆಂಪು ಹೂವುಗಳನ್ನೇ ಹುಡುಕುತ್ತವೆ ಎಂಬುದು ನಿಜವೇ?

ಹುಟ್ಟಿನಿಂದ ಬಂದ ಕೆಂಪಿನ ಮೋಹವೇನೂ ಅವುಗಳಿಗಿಲ್ಲ; ಹೆಚ್ಚು ಮಕರಂದ ಕೊಡುವ ಬಣ್ಣವನ್ನು ಅವು ಬೇಗ ಕಲಿತುಕೊಳ್ಳುತ್ತವೆ. ಜೇನುನೊಣಗಳಿಗೆ ಕೆಂಪು ಸರಿಯಾಗಿ ಕಾಣದಿರುವುದರಿಂದ, ಹಕ್ಕಿಗಾಗಿ ಮಕರಂದವನ್ನು ಕಾದಿಡುವ ಹೂವುಗಳಲ್ಲಿ ಆ ಬಣ್ಣವೇ ಹೆಚ್ಚಾಗಿ ಕಾಣುತ್ತದೆ. ಬೆಂಗಳೂರಿನ ಉದ್ಯಾನಗಳಲ್ಲಿ ಸಾಲಾಗಿ ನೆಟ್ಟಿರುವ ಹಮೇಲಿಯ ಗಿಡದ ಕಿತ್ತಳೆಗೆಂಪು ಕೊಳವೆ ಹೂವುಗಳು ಮೂಲತಃ ಅಮೆರಿಕದ ಹಮ್ಮಿಂಗ್‌ಬರ್ಡ್‌ಗಳಿಗೆ ತಕ್ಕಂತೆ ರೂಪುಗೊಂಡವು. ಇಲ್ಲಿ ಆ ಮಕರಂದ ಸೂರಕ್ಕಿಗಳ ಪಾಲಾಗಿದೆ. ಬನವಾಸಿಯ ಹೊಲಗಳಲ್ಲಿ ಬೆಳೆಯುವ ಅನಾನಸ್ ಕೂಡ ಇದೇ ಗುಂಪಿಗೆ ಸೇರಿದ್ದು. ತವರಾದ ದಕ್ಷಿಣ ಅಮೆರಿಕದಲ್ಲಿ ಅದರ ಪರಾಗಸ್ಪರ್ಶ ಮಾಡುವವು ಹಮ್ಮಿಂಗ್‌ಬರ್ಡ್‌ಗಳು. ಪರಾಗಸ್ಪರ್ಶವಾದರೆ ಹಣ್ಣಿನಲ್ಲಿ ಗಟ್ಟಿ ಬೀಜಗಳು ಮೂಡುತ್ತವೆಂಬ ಕಾರಣಕ್ಕೆ ಹವಾಯಿ ದ್ವೀಪಗಳಿಗೆ ಈ ಹಕ್ಕಿಯನ್ನು ತರುವುದನ್ನೇ ನಿಷೇಧಿಸಲಾಗಿದೆ.

ಹೂವು ಮತ್ತು ಹಕ್ಕಿಯ ನಡುವೆ ಮೂರನೆಯವರೂ ಇದ್ದಾರೆ. ಹೂವಿನೊಳಗೆ ಬದುಕುವ ಕೆಲವು ಸೂಕ್ಷ್ಮ ನುಸಿಗಳು ಹಕ್ಕಿ ಕೊಕ್ಕು ಇಟ್ಟಾಗ ಅದರ ಮೇಲೆ ಓಡಿ, ಮೂಗಿನ ಹೊಳ್ಳೆಯಲ್ಲಿ ಕುಳಿತು, ತಮಗೆ ಬೇಕಾದ ಜಾತಿಯ ಹೂವಿನ ವಾಸನೆ ಬಂದಾಗ ಇಳಿದುಹೋಗುತ್ತವೆ.

ಒಮ್ಮೆ ಕಪ್ಪಾಗಿ, ಮರುಕ್ಷಣವೇ ಗುಲಾಬಿ ಬಣ್ಣದಲ್ಲಿ ಹೊಳೆಯುವುದೇಕೆ?

ಗಂಟಲಿನ ಆ ಹೊಳಪು ವರ್ಣದ್ರವ್ಯದ ಬಣ್ಣವಲ್ಲ. ಗರಿಯೊಳಗೆ ಚಪ್ಪಟೆಯಾದ, ಗಾಳಿಗುಳ್ಳೆಗಳಿಂದ ತುಂಬಿದ ಮೆಲನಿನ್ ಬಿಲ್ಲೆಗಳು ಪದರಪದರವಾಗಿ ಜೋಡಿಸಲ್ಪಟ್ಟಿದ್ದು, ಬೆಳಕು ಆ ಪದರಗಳಿಂದ ಪ್ರತಿಫಲಿಸುವಾಗ ನಿರ್ದಿಷ್ಟ ಕೋನದಲ್ಲಿ ನಿರ್ದಿಷ್ಟ ಬಣ್ಣ ಮಾತ್ರ ಬಲಗೊಳ್ಳುತ್ತದೆ. ಕ್ಯಾಲಿಫೋರ್ನಿಯದ ಮನೆಗಳ ಹಿತ್ತಲಿನಲ್ಲಿ ವರ್ಷವಿಡೀ ಕಾಣುವ ಆನಾಸ್ ಹಮ್ಮಿಂಗ್‌ಬರ್ಡ್‌ನ ಗಂಡು ತಲೆ ತಿರುಗಿಸಿದಾಗ ಕತ್ತಲಾಗುವುದು, ನಮ್ಮತ್ತ ನೋಡಿದಾಗ ಉರಿಯುವುದು ಇದರಿಂದಲೇ.

ಅವು ಪರಸ್ಪರ ನೋಡುವ ಬಣ್ಣಗಳು ನಮ್ಮ ಅಳವಿಗೆ ಮೀರಿದವು. ಮನುಷ್ಯನ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಮೂರು ಬಗೆಯ ಕೋಶಗಳಿದ್ದರೆ ಹಕ್ಕಿಗಳಲ್ಲಿ ನಾಲ್ಕು. ಕೊಲರಾಡೊದಲ್ಲಿ ಕಾಡುಹಕ್ಕಿಗಳಿಗೆ ದೀಪಗಳ ಮೂಲಕ ತರಬೇತಿ ಕೊಟ್ಟು ನಡೆಸಿದ, 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನಮಗೆ ಒಂದೇ ಹಸಿರಾಗಿ ಕಾಣುವ ಎರಡು ದೀಪಗಳಲ್ಲಿ ನೇರಳಾತೀತ ಬೆರೆತದ್ದು ಯಾವುದೆಂದು ಹಮ್ಮಿಂಗ್‌ಬರ್ಡ್‌ಗಳು ಗುರುತಿಸಿದವು.

ಇಷ್ಟು ಚಿಕ್ಕ ಹಕ್ಕಿ ಇಷ್ಟೊಂದು ಜಗಳಗಂಟಿ ಏಕೆ?

ಲೆಕ್ಕಾಚಾರ ಸರಳವಾಗಿದೆ: ಒಂದು ಹೂಗಿಡವನ್ನು ಬೇರೆಯವರಿಂದ ಕಾಯಲು ತಗಲುವ ಶಕ್ತಿಗಿಂತ ಅದರಿಂದ ಸಿಗುವ ಸಕ್ಕರೆ ಹೆಚ್ಚಾಗಿದ್ದರೆ ಜಗಳಕ್ಕೆ ಅರ್ಥವಿದೆ. ಫೀಡರ್ ಎಂಬುದು ಎಂದೂ ಬತ್ತದ ಹೂವಾದ್ದರಿಂದ ಅಲ್ಲಿ ಜಗಳ ಮತ್ತೂ ಹೆಚ್ಚು. ಒಂದೇ ದೊಡ್ಡ ಫೀಡರ್ ಬದಲು ಪರಸ್ಪರ ಕಾಣದಂತೆ ಎರಡು ಮೂರು ಚಿಕ್ಕವನ್ನು ಇಟ್ಟರೆ ಕಾದಾಟ ತಗ್ಗುತ್ತದೆ. ಕೋಸ್ಟರಿಕಾದ ಲಾಂಗ್-ಬಿಲ್ಡ್ ಹರ್ಮಿಟ್ ಗಂಡುಗಳ ಕೊಕ್ಕಿನ ತುದಿ ಹೆಣ್ಣುಗಳದ್ದಕ್ಕಿಂತ ಚೂಪಾಗಿದ್ದು, ಎದುರಾಳಿಯ ಗಂಟಲಿಗೆ ಚುಚ್ಚಲು ಅವು ಅದನ್ನು ಬಳಸುತ್ತವೆ. ಪನಾಮದ ವೈಟ್-ನೆಕ್ಡ್ ಜಾಕೋಬಿನ್‌ನಲ್ಲಿ ಐದರಲ್ಲಿ ಸುಮಾರು ಒಂದು ಹೆಣ್ಣು ಗಂಡಿನಂತೆಯೇ ಬಣ್ಣ ತಳೆದಿರುತ್ತದೆ. ಅಂತಹ ಹೆಣ್ಣುಗಳಿಗೆ ಆಹಾರದ ಬಳಿ ಕಿರುಕುಳ ಕಡಿಮೆಯೆಂದು ಸಂಶೋಧಕರು ಕಂಡುಕೊಂಡಿದ್ದಾರೆ.

ಕಾದಾಟದಷ್ಟೇ ನೆನಪೂ ಮುಖ್ಯ. ಕೆನಡಾದ ಕಾಡಿನಲ್ಲಿ ಕೆಲವು ಕೃತಕ ಹೂವುಗಳನ್ನು 10 ನಿಮಿಷಕ್ಕೊಮ್ಮೆಯೂ ಕೆಲವನ್ನು 20 ನಿಮಿಷಕ್ಕೊಮ್ಮೆಯೂ ತುಂಬಿದಾಗ, ರೂಫಸ್ ಹಮ್ಮಿಂಗ್‌ಬರ್ಡ್‌ಗಳು ಯಾವ ಹೂವಿಗೆ ಯಾವಾಗ ಮರಳಬೇಕೆಂಬುದನ್ನು ಕಲಿತುಕೊಂಡವು. ಈ ಪ್ರಯೋಗದ ವರದಿ 2006ರಲ್ಲಿ ಪ್ರಕಟವಾಯಿತು.

ಹಾಡುತ್ತವೆಯೇ?

ಹಾಡುತ್ತವೆ, ಆದರೆ ಇಂಪು ಎನ್ನುವಂತಿಲ್ಲ. ಗಿಳಿಗಳು ಮತ್ತು ಹಾಡುಹಕ್ಕಿಗಳಂತೆ ಹಮ್ಮಿಂಗ್‌ಬರ್ಡ್‌ಗಳಲ್ಲೂ ಹಲವು ತಮ್ಮ ಹಾಡನ್ನು ಕೇಳಿ ಕಲಿಯುತ್ತವೆ. ಆನಾಸ್ ಹಮ್ಮಿಂಗ್‌ಬರ್ಡ್‌ನ ಗಂಡು ಹೆಣ್ಣನ್ನು ಒಲಿಸಲು ಎತ್ತರಕ್ಕೇರಿ ನೇರವಾಗಿ ಕೆಳಕ್ಕೆ ಧುಮುಕುತ್ತದೆ. ತಳದಲ್ಲಿ ಕೇಳಿಸುವ ಚುರುಕಾದ ಸದ್ದು ಗಂಟಲಿನದಲ್ಲ, ಹರಡಿದ ಬಾಲದ ಗರಿ ಗಾಳಿಯಲ್ಲಿ ಕಂಪಿಸಿ ಹುಟ್ಟುವಂಥದ್ದು. ಧುಮುಕುವ ವೇಗ ಸೆಕೆಂಡಿಗೆ ತನ್ನ ದೇಹದ ಉದ್ದದ 385 ಪಟ್ಟು ತಲುಪುವುದನ್ನು 2009ರಲ್ಲಿ ವರದಿ ಮಾಡಲಾಯಿತು.

ಗೂಡು ಕಟ್ಟುವವರು ಯಾರು? ಗೂಡು ಕಂಡರೆ ಏನು ಮಾಡಬೇಕು?

ಗೂಡು, ಕಾವು, ಮರಿಗಳ ಪಾಲನೆ ಎಲ್ಲವೂ ಹೆಣ್ಣಿನದೇ. ಜೊತೆಗೂಡಿದ ನಂತರ ಗಂಡು ಇತ್ತ ಸುಳಿಯುವುದಿಲ್ಲ. ಸಸ್ಯಗಳ ಹತ್ತಿಯಂತಹ ನಾರನ್ನು ಜೇಡನ ಬಲೆಯಿಂದ ಬಿಗಿದು, ಹೊರಗೆ ಕಲ್ಲುಹೂವಿನ ಚೂರುಗಳನ್ನು ಅಂಟಿಸಿ ಬಟ್ಟಲಿನಾಕಾರದ ಗೂಡನ್ನು ಅದು ಕಟ್ಟುತ್ತದೆ. ಜೇಡನ ಎಳೆ ಹಿಗ್ಗುವುದರಿಂದ ಮರಿಗಳು ಬೆಳೆದಂತೆ ಗೂಡೂ ಅಗಲವಾಗುತ್ತದೆ. ಮೊಟ್ಟೆಗಳು ಸಾಮಾನ್ಯವಾಗಿ ಎರಡು. ಎರಡು ವಾರಗಳ ಆಸುಪಾಸಿನ ಕಾವು, ಆಮೇಲೆ ಸುಮಾರು ಮೂರು ವಾರಗಳಲ್ಲಿ ಮರಿಗಳು ಹಾರಿಹೋಗುತ್ತವೆ. ಕ್ಯಾಲಿಫೋರ್ನಿಯದಲ್ಲಿ ಆನಾಸ್ ಹಮ್ಮಿಂಗ್‌ಬರ್ಡ್ ಡಿಸೆಂಬರ್‌ನಲ್ಲೇ ಗೂಡು ಕಟ್ಟತೊಡಗುವುದರಿಂದ ಚಳಿಗಾಲದಲ್ಲಿ ಗಿಡ ಕತ್ತರಿಸುವ ಮೊದಲು ನೋಡಿಕೊಳ್ಳಬೇಕು. ಮೊಟ್ಟೆ ಮರಿಗಳಿರುವ ಗೂಡನ್ನು ತೆಗೆಯುವುದು ಅಮೆರಿಕದ 1918ರ ವಲಸೆ ಹಕ್ಕಿಗಳ ಕಾಯಿದೆಯಂತೆ ಅಪರಾಧ.

ವಲಸೆ ಹೋಗುತ್ತವೆಯೇ?

ಉಷ್ಣವಲಯದ ಬಹುಪಾಲು ಪ್ರಭೇದಗಳು ದೂರ ಹೋಗುವುದಿಲ್ಲ. ಉತ್ತರದವು ಹೋಗುತ್ತವೆ. ಅಮೆರಿಕದ ಪೂರ್ವ ಭಾಗದಲ್ಲಿ ಕಾಣುವ ರೂಬಿ-ಥ್ರೋಟೆಡ್ ಹಮ್ಮಿಂಗ್‌ಬರ್ಡ್ ಮೂರು ಗ್ರಾಂ ತೂಗುವ ತನ್ನ ಮೈಗೆ ಹೆಚ್ಚುಕಡಿಮೆ ಅಷ್ಟೇ ಕೊಬ್ಬನ್ನು ಸೇರಿಸಿಕೊಂಡು ಮೆಕ್ಸಿಕೊ ಕೊಲ್ಲಿಯ ಮೇಲೆ ಸುಮಾರು 800 ಕಿಲೋಮೀಟರ್ ಒಂದೇ ಹಾರಾಟದಲ್ಲಿ ದಾಟಬಲ್ಲದು. ಮೊದಲ ವರ್ಷದ ಮರಿಯೂ ಯಾರ ಮಾರ್ಗದರ್ಶನವಿಲ್ಲದೆ ಒಂಟಿಯಾಗಿ ಹೊರಡುತ್ತದೆ. ರೂಫಸ್ ಹಮ್ಮಿಂಗ್‌ಬರ್ಡ್ ಮೆಕ್ಸಿಕೊದಿಂದ ಪೆಸಿಫಿಕ್ ತೀರದುದ್ದಕ್ಕೂ ಅಲಾಸ್ಕದವರೆಗೆ ಹೋಗಿ, ಮರಳುವಾಗ ರಾಕಿ ಪರ್ವತಗಳ ಬೇಸಗೆ ಹೂವುಗಳನ್ನು ಹಿಡಿದು ಬರುತ್ತದೆ. ಚಳಿಗಾಲದಲ್ಲಿ ಫೀಡರ್ ತೆಗೆಯದಿದ್ದರೆ ಹಕ್ಕಿ ವಲಸೆಯನ್ನೇ ಮರೆತುಬಿಡುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಹಗಲಿನ ಅವಧಿ ಕಡಿಮೆಯಾಗುವುದೇ ಅವುಗಳಿಗೆ ಮುಖ್ಯ ಸೂಚನೆ.

ಫೀಡರ್‌ಗೆ ಏನು ತುಂಬಬೇಕು? ಬೆಲ್ಲದ ನೀರು ಒಳ್ಳೆಯದಲ್ಲವೇ?

ಬೆಲ್ಲ ಬೇಡ. ಬೆಲ್ಲ ಮತ್ತು ಕಂದು ಸಕ್ಕರೆಯಲ್ಲಿರುವ ಕಬ್ಬಿಣಾಂಶ ಈ ಹಕ್ಕಿಗಳಿಗೆ ಹಾನಿಕರ. ಜೇನುತುಪ್ಪದ ನೀರಿನಲ್ಲಿ ಶಿಲೀಂಧ್ರ ಬೇಗ ಬೆಳೆಯುತ್ತದೆ. ಮನುಷ್ಯರಿಗೆ ಒಳ್ಳೆಯದೆನ್ನುವ ತರ್ಕ ಇಲ್ಲಿ ನಡೆಯದು. ಒಂದು ಅಳತೆ ಬಿಳಿ ಸಕ್ಕರೆಗೆ ನಾಲ್ಕು ಅಳತೆ ನೀರು, ಅಷ್ಟೇ. ಕೆಂಪು ಬಣ್ಣ ಸೇರಿಸುವ ಅಗತ್ಯವಿಲ್ಲ. ಬಿಸಿಲಿನ ದಿನಗಳಲ್ಲಿ ಎರಡು ದಿನಕ್ಕೊಮ್ಮೆಯಾದರೂ ಚೆಲ್ಲಿ, ಫೀಡರನ್ನು ಬಿಸಿನೀರಿನಲ್ಲಿ ತೊಳೆದು, ಹೊಸದನ್ನು ತುಂಬಬೇಕು. ಅದನ್ನು ಮಾಡಲು ಬಿಡುವಿಲ್ಲದವರು ಫೀಡರ್ ಬದಲು ಸ್ಥಳೀಯ ಹೂಗಿಡಗಳನ್ನು ನೆಡುವುದೇ ಉತ್ತಮ.

ಎಷ್ಟು ವರ್ಷ ಬದುಕುತ್ತವೆ? ಶತ್ರುಗಳು ಯಾರು?

ಮೊದಲ ವರ್ಷದಲ್ಲೇ ಬಹಳಷ್ಟು ಸಾಯುತ್ತವೆ. ಅದನ್ನು ದಾಟಿದವು ಕೆಲವು ವರ್ಷ ಬದುಕುತ್ತವೆ. ಕಾಲಿಗೆ ಉಂಗುರ ತೊಡಿಸಿ ಬಿಟ್ಟಿದ್ದ ಬ್ರಾಡ್-ಟೇಲ್ಡ್ ಹಮ್ಮಿಂಗ್‌ಬರ್ಡ್ ಒಂದು 12 ವರ್ಷ ಬದುಕಿದ ದಾಖಲೆಯಿದೆ. ಬೆಕ್ಕು, ಹಾವು, ಡೇಗೆಗಳಲ್ಲದೆ ಫೀಡರ್ ಮೇಲೆ ಹೊಂಚುಹಾಕುವ ದೊಡ್ಡ ಸೂರ್ಯನಕುದುರೆ ಕೀಟವೂ ಇವನ್ನು ಹಿಡಿದು ತಿನ್ನುತ್ತದೆ. ಕಿಟಕಿಯ ಗಾಜಿಗೆ ಬಡಿದು ಸಾಯುವವೂ ಕಡಿಮೆಯಿಲ್ಲ.

ಪಂಜರದಲ್ಲಿ ಸಾಕಬಹುದೇ? ಇವುಗಳಿಗೆ ಅಳಿವಿನ ಭಯವಿದೆಯೇ?

ಸಾಕಬಾರದು. ಹಮ್ಮಿಂಗ್‌ಬರ್ಡ್ ಕುಟುಂಬವಿಡೀ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿದೆ. 19ನೇ ಶತಮಾನದಲ್ಲಿ ಯುರೋಪಿನ ಹೆಂಗಸರ ಟೋಪಿಗಳ ಅಲಂಕಾರಕ್ಕಾಗಿ ಇವುಗಳ ಚರ್ಮವನ್ನು ಲಂಡನ್ನಿನಲ್ಲಿ ಹರಾಜು ಹಾಕುತ್ತಿದ್ದರು. ಮೆಕ್ಸಿಕೊದಲ್ಲಿ ಒಣಗಿಸಿದ ಹಕ್ಕಿಯನ್ನು ‘ಚುಪರೋಸಾ’ ಎಂಬ ಹೆಸರಿನಲ್ಲಿ ವಶೀಕರಣದ ತಾಯಿತವೆಂದು ಮಾರುವ ಕಳ್ಳವ್ಯಾಪಾರ ಇತ್ತೀಚಿನವರೆಗೂ ಸಿಕ್ಕಿಬೀಳುತ್ತಲೇ ಇದೆ.

ಅಳಿವಿನ ಭಯ ಎಲ್ಲಕ್ಕೂ ಒಂದೇ ಸಮನಾಗಿಲ್ಲ. ಆನಾಸ್ ಹಮ್ಮಿಂಗ್‌ಬರ್ಡ್ 20ನೇ ಶತಮಾನದ ಆರಂಭದಲ್ಲಿ ಬಾಹಾ ಕ್ಯಾಲಿಫೋರ್ನಿಯ ಮತ್ತು ದಕ್ಷಿಣ ಕ್ಯಾಲಿಫೋರ್ನಿಯದಲ್ಲಷ್ಟೇ ಗೂಡು ಕಟ್ಟುತ್ತಿತ್ತು; ಮನೆತೋಟದ ಹೂವುಗಳನ್ನೂ ಫೀಡರ್‌ಗಳನ್ನೂ ಬಳಸಿಕೊಂಡು ಈಗ ಕೆನಡಾದ ಬ್ರಿಟಿಷ್ ಕೊಲಂಬಿಯದವರೆಗೆ ಹರಡಿದೆ. ರೂಫಸ್ ಹಮ್ಮಿಂಗ್‌ಬರ್ಡ್‌ನ ಸಂಖ್ಯೆ ಇಳಿಯುತ್ತಿದೆ. ಅತಿ ಕಷ್ಟದಲ್ಲಿರುವವುಗಳಲ್ಲಿ ಒಂದು ಚಿಲಿ ದೇಶದ ಹುವಾನ್ ಫರ್ನಾಂಡಿಸ್ ಫೈರ್‌ಕ್ರೌನ್. ಇದು ಇಂದು ಗೂಡು ಕಟ್ಟುವುದು ಪೆಸಿಫಿಕ್ ಸಾಗರದ ರಾಬಿನ್ಸನ್ ಕ್ರೂಸೋ ದ್ವೀಪವೊಂದರಲ್ಲೇ. ಮನುಷ್ಯರು ತಂದು ಬಿಟ್ಟ ಬೆಕ್ಕು, ಇಲಿಗಳೂ ರಕೂನ್ ಜಾತಿಯ ಕೊವಾಟಿ ಎಂಬ ಪ್ರಾಣಿಗಳೂ ಗೂಡುಗಳನ್ನು ಲೂಟಿ ಮಾಡುತ್ತವೆ. ಹೊರಗಿನಿಂದ ಬಂದ ಬ್ಲ್ಯಾಕ್‌ಬೆರಿ ಪೊದೆಗಳು ಅದು ನೆಚ್ಚಿಕೊಂಡಿರುವ ಸ್ಥಳೀಯ ಕಾಡನ್ನು ಆವರಿಸುತ್ತಿವೆ. ಆ ಪೊದೆಗಳನ್ನು ಕಡಿದು, ಸ್ಥಳೀಯ ಮರಗಳನ್ನು ಮತ್ತೆ ಬೆಳೆಸುವ ಕೆಲಸ ಅಲ್ಲಿ ನಡೆದಿದೆ.